ಓಕ್ ಕಂಬಕ್ಕೆ ಹೊಸ ಕಾಲು ಕೊಟ್ಟ ವಿನೋದಿನಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೀನ್ಯಾದ ನೈರೋಬಿಯ ಅಂಚಿನ ಕರೆನ್‌ನ ಎತ್ತರದ ಮರಗಳ ನಡುವೆ ಜುಲೈ ತಿಂಗಳ ಮಂಜು ಹಾಗೇ ನಿಂತಿದೆ. ಹಳೆಯ ಮರದ ಮನೆಯೊಂದರ ಮೂಲೆಗಂಬದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತ ಹೆಂಗಸೊಬ್ಬರು ಕೊಡತಿಯಿಂದ ಕಂಬವನ್ನು ಮೆಲ್ಲಗೆ ತಟ್ಟಿ ಕಿವಿಗೊಡುತ್ತಾರೆ. ಒಂದು ಗೇಣು ಮೇಲೆ ಮತ್ತೆ ತಟ್ಟುತ್ತಾರೆ. ಮೈಮೇಲೆ ಕಾರ್ಖಾನೆಯವರು ಹಾಕುವಂಥ ನೀಲಿ ಅಂಗಿ, ತಲೆಗೆ ಬಿಗಿದ ಸ್ಕಾರ್ಫು, ಹಣೆಯಲ್ಲಿ ಕುಂಕುಮ.

"ಟೊಳ್ಳಾಗಿದ್ರೆ ಡಬ್ ಡಬ್ ಅನ್ನುತ್ತೆ. ಗಟ್ಟಿ ಇದ್ರೆ ಸೌಂಡ್‌ಗಿಂತ ಮುಂಚೆ ಕೈಗೇ ಗೊತ್ತಾಗುತ್ತೆ," ಎನ್ನುತ್ತಾ ವಿನೋದಿನಿ ಮೇಲೇಳುತ್ತಾರೆ. ಇವತ್ತು ಎಲ್ಲ ಕಡೆಯೂ ಗಟ್ಟಿ. ಮುಖದಲ್ಲಿ ಸಣ್ಣ ನಗೆ.

ನೈರೋಬಿಯ ಕನ್ನಡಿಗರಿಗೆ ವಿನೋದಿನಿ ಗೊತ್ತು. ಯುಗಾದಿಗೆ ದೊಡ್ಡ ರಂಗೋಲಿ ಹಾಕುವವರು, ಬಿಸಿಬೇಳೆಬಾತಿಗೆ ಮನೆಯಲ್ಲೇ ಪುಡಿ ಕುಟ್ಟಿ ತರುವವರು. ಗಂಡ ಪವನ್ ಔಷಧಿ ಕಾರ್ಖಾನೆಯೊಂದರಲ್ಲಿ ಮೆಶೀನುಗಳ ಮೇಲ್ವಿಚಾರಕ. ಆದರೆ ವಾರದಲ್ಲಿ ಐದು ದಿನ ಈಕೆ ಹೈರಿಡ್ಜ್‌ನ ಮನೆಯಿಂದ ನಸುಕಿಗೇ ಹೊರಟು, ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಮಟಾಟು ವ್ಯಾನು ಹತ್ತಿ, ಪೇಟೆಯಲ್ಲಿ ಇಳಿದು ಇನ್ನೊಂದು ಹಿಡಿದು ಎಲ್ಲಿಗೆ ಹೋಗುತ್ತಾರೆಂಬುದು ಬಹಳ ಜನಕ್ಕೆ ತಿಳಿಯದು. "ಯಾವುದೋ ಮ್ಯೂಸಿಯಂ ಕೆಲಸವಂತೆ," ಎಂದುಕೊಂಡಿದ್ದಾರೆ.

ಅವರು ನೋಡಿಕೊಳ್ಳುವ ಮನೆಯ ಕತೆಯೇ ವಿಚಿತ್ರ. ಇದು ಹುಟ್ಟಿದ್ದು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ, ಆರು ಶತಮಾನಗಳ ಹಿಂದೆ. ನೂರು ವರ್ಷದ ಕೆಳಗೆ ಅಲ್ಲಿ ಅದನ್ನು ಕೆಡವುವ ಮಾತು ಬಂದಾಗ, ಇಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಆ ಊರಿನವನೊಬ್ಬ ಕೊಂಡು, ತೊಲೆ ತೊಲೆ ಬಿಚ್ಚಿಸಿ ಹಡಗಿಗೆ ಹಾಕಿಸಿದ. ಮೊಂಬಾಸಾದಲ್ಲಿ ಇಳಿದ ಮನೆ ರೈಲಿನಲ್ಲಿ ನೈರೋಬಿಗೆ ಬಂದು ಮತ್ತೆ ಎದ್ದು ನಿಂತಿತು. ಬಿಚ್ಚಿ ಜೋಡಿಸಲು ಆದದ್ದು ಅದರಲ್ಲಿ ಮೊಳೆಗಳೇ ಇಲ್ಲದ್ದರಿಂದ. ಒಂದು ತೊಲೆಯ ನಾಲಗೆ ಇನ್ನೊಂದರ ಗುಳಿಯಲ್ಲಿ ಕೂರುತ್ತದೆ, ಅಡ್ಡಲಾಗಿ ಮರದ ಗೂಟ ಬೀಳುತ್ತದೆ, ಅಷ್ಟೇ. ಭಾರವನ್ನೆಲ್ಲ ಹೊರುವುದು ಓಕ್ ಮರದ ಚೌಕಟ್ಟು. ಗೋಡೆಗಳು ಬರೀ ಹೊದಿಕೆ. ಚೌಕಟ್ಟಿನ ಸಂದುಗಳಲ್ಲಿ ಕಡ್ಡಿಯ ತಡಿಕೆ ಹೆಣೆದು, ಮಣ್ಣು, ಸಗಣಿ, ಒಣಹುಲ್ಲು ಕಲಸಿ ಮೆತ್ತಿದ್ದಾರೆ. ಮೇಲಂತಸ್ತು ಕೆಳಗಿನದಕ್ಕಿಂತ ಎರಡಡಿ ಮುಂದಕ್ಕೆ ಚಾಚಿಕೊಂಡಿದೆ. ನಡುಮನೆಯಲ್ಲಿ ತಲೆ ಎತ್ತಿದರೆ ಜಂತೆಗಳೆಲ್ಲ ಕಪ್ಪು. ಹೊಗೆಗೂಡಿಲ್ಲದ ಕಾಲದಲ್ಲಿ ನೆಲದ ನಡುವೆ ಉರಿಯುತ್ತಿದ್ದ ಒಲೆಯ ಮಸಿ ಅದು. ಈಗ ಇದು ಸರ್ಕಾರದ ರಕ್ಷಣೆಯಲ್ಲಿರುವ ಕಟ್ಟಡ. ಒಂದು ಟ್ರಸ್ಟ್ ನಡೆಸುತ್ತದೆ, ಶಾಲೆಯ ಮಕ್ಕಳು ನೋಡಲು ಬರುತ್ತಾರೆ.

ವಿನೋದಿನಿ ಮೊದಲು ಬಂದದ್ದೂ ಹಾಗೆಯೇ, ಮಗಳು ಸಾನ್ವಿಯ ಕ್ಲಾಸಿನ ಜೊತೆ ಬಂದ ತಾಯಂದಿರಲ್ಲಿ ಒಬ್ಬರಾಗಿ. ಮಕ್ಕಳೆಲ್ಲ ಅಟ್ಟ ಹತ್ತಿದರೆ ಇವರ ಕಣ್ಣು ಕಿಟಕಿಯ ಬಳಿ ಒಬ್ಬರೇ ಮರದ ತೇಪೆ ಕೂರಿಸಲು ಒದ್ದಾಡುತ್ತಿದ್ದ ಮುದುಕರ ಮೇಲೆ. ಅವರು ಮ್ವಾಂಗಿ, ಈ ಮನೆಯ ಹಳೆಯ ಬಡಗಿ. ವಿನೋದಿನಿ ಸುಮ್ಮನೆ ಕೈಚಾಚಿ ಉಳಿ ಕೇಳಿದರು. ಮೈಸೂರಿನಲ್ಲಿ ಮದುವೆಗೆ ಮುಂಚೆ ಅವರದು ಬೀಟೆ ಮರದ ಪೆಟ್ಟಿಗೆಗಳಲ್ಲಿ ಚಿತ್ತಾರ ಕೂರಿಸುವ ಕೆಲಸ. ಆನೆಯ ಕಣ್ಣು, ನವಿಲಿನ ಗರಿ ಎಲ್ಲ ಬಣ್ಣಬಣ್ಣದ ಮರದ ಚೂರುಗಳಿಂದ. ಆ ದಿನ ತೇಪೆ ಕೂತಿತು. "ಮತ್ತೆ ಯಾವಾಗ ಬರ್ತೀಯಾ?" ಎಂದು ಮ್ವಾಂಗಿ ಸ್ವಾಹಿಲಿಯಲ್ಲಿ ಕೇಳಿದರು. ಕೆಲಸದ ಪರ್ಮಿಟ್ಟು ಕೈಗೆ ಬರುವಷ್ಟರಲ್ಲಿ ವರ್ಷವೇ ಕಳೆಯಿತು. ಅಲ್ಲಿಯವರೆಗೂ ಮ್ವಾಂಗಿ ಬೇರೆ ಯಾರನ್ನೂ ಸೇರಿಸಿಕೊಳ್ಳಲಿಲ್ಲ.

ಕಷ್ಟ ಎದುರಾದದ್ದು ಹೋದ ವರ್ಷ, ಇಲ್ಲಿ ಮಾರ್ಚಿನಿಂದ ಮೇವರೆಗೆ ಸುರಿಯುವ ದೊಡ್ಡ ಮಳೆಯಲ್ಲಿ. ಹಿಂದೆಂದೋ ಮೂಲೆಗಂಬದ ಬುಡಕ್ಕೆ ಸಿಮೆಂಟು ಸುರಿದಿದ್ದರು. ನೀರು ಒಳಗೇ ನಿಂತು ಕೊಳೆತು, ಗೆದ್ದಲು ಹತ್ತಿ, ಕಂಬದ ಕಾಲು ಬೆರಳಿಗೆ ಪುಡಿಪುಡಿಯಾಗಿ ಬರುವಂತಾಗಿತ್ತು. ಮುಂಚಾಚಿದ ಮೇಲಂತಸ್ತು ಅತ್ತ ವಾಲತೊಡಗಿತು. ಟ್ರಸ್ಟಿನ ವಾಸ್ತುಶಿಲ್ಪಿ ಅಕಿನ್ಯಿ ಬಂದು ನೋಡಿ, ಅದೇ ದಿನ ಬಾಗಿಲಿಗೆ ಬೀಗ ಹಾಕಿಸಿದರು. ಕಂಬ ತೆಗೆದು ಉಕ್ಕಿನ ಚೌಕಟ್ಟು ನಿಲ್ಲಿಸೋಣ ಎಂದರು.

"ಅವರು ಹೇಳಿದ್ರಲ್ಲಿ ತಪ್ಪೇನಿಲ್ಲ. ಮೇಲೆ ಓಡಾಡೋದು ಮಕ್ಕಳು," ಎನ್ನುತ್ತಾರೆ ವಿನೋದಿನಿ. "ಆದ್ರೆ ಕಂಬ ಸೊಂಟದಿಂದ ಮೇಲೆ ಕಲ್ಲಿನ ಥರ ಇತ್ತು. ಕಾಲು ಹೋಯ್ತು ಅಂತ ಇಡೀ ಮನುಷ್ಯನ್ನೇ ಬಿಸಾಕೋದಾ? ಒಂದು ಚಾನ್ಸ್ ಕೊಡಿ ಅಂದೆ."

ಅಕಿನ್ಯಿ ಮುಂದಿನ ದೊಡ್ಡ ಮಳೆಯವರೆಗೆ ಸಮಯ ಕೊಟ್ಟರು. ಮಾಳಿಗೆಗೆ ಆನಿಕೆ ಕೊಟ್ಟು, ಕೊಳೆತ ಭಾಗ ಕೊಯ್ದು, ಇಲ್ಲಿಯದೇ ಮೇರು ಸೀಮೆಯಿಂದ ತಂದ ಗಟ್ಟಿಮರದಲ್ಲಿ ಹೊಸ ಕಾಲು ಕೆತ್ತಿದರು. ಹಳೆಯದೂ ಹೊಸದೂ ಒಂದನ್ನೊಂದು ಕಚ್ಚಿ ಕೂರಬೇಕು. ಆ ಕಚ್ಚನ್ನು ವಿನೋದಿನಿ ತಮಗೆ ತಿಳಿದ ಹಾಗೆ, ಕೂದಲೆಳೆಯೂ ನುಸುಳದಂತೆ ಮಾಡಿದರು. ನೋಡಿದವರೆಲ್ಲ ಭೇಷ್ ಎಂದರು. ಮ್ವಾಂಗಿ ಮಾತ್ರ ಬೆರಳಾಡಿಸಿ ನೋಡಿ ಏನೂ ಹೇಳಲಿಲ್ಲ.

ನವೆಂಬರಿನ ಸಣ್ಣ ಮಳೆ ಸುರಿದ ಮೇಲೊಂದು ಬೆಳಿಗ್ಗೆ ಬಂದು ನೋಡಿದರೆ ಹೊಸ ಕಾಲು ಉದ್ದಕ್ಕೂ ಸೀಳಿತ್ತು. ನೀರು ಕುಡಿದ ಮರ ಊದಿಕೊಂಡಿದೆ, ಊದಲು ಜಾಗವಿಲ್ಲದೆ ಒಡೆದಿದೆ. ವಿನೋದಿನಿ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟರು. ಮ್ವಾಂಗಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೈಗಿತ್ತರು.

"ಪೋಲೆ ಪೋಲೆ, ಮಾಮಾ ಸಾನ್ವಿ," ಎಂದರು. ನಿಧಾನ, ನಿಧಾನ. ಮಗಳ ಹೆಸರು ಹಿಡಿದು ತಾಯಿಯನ್ನು ಕರೆಯುವುದು ಇಲ್ಲಿಯ ಮರ್ಯಾದೆ. "ಅದು ಪೆಟ್ಟಿಗೆ ಅಲ್ಲ, ಮನೆ. ಉಸಿರಾಡೋಕೆ ಜಾಗ ಬಿಡು."

"ನಿಮಗೆ ಗೊತ್ತಿತ್ತಾ? ಮತ್ತೆ ಆಗಲೇ ಯಾಕೆ ಹೇಳಲಿಲ್ಲ?" ಎಂದು ವಿನೋದಿನಿ ಸಿಟ್ಟಿನಲ್ಲೇ ಕೇಳಿದರು.

"ಅನುಮಾನ ಇತ್ತು, ಗ್ಯಾರಂಟಿ ಇರಲಿಲ್ಲ. ಅಷ್ಟು ಚೆಂದದ ಕೆಲಸ ನಾನೂ ನೋಡಿರಲಿಲ್ಲ," ಎಂದು ಮುದುಕರು ಒಪ್ಪಿಕೊಂಡರು.

ಆ ಸಂಜೆ ಮನೆಯಲ್ಲಿ ವಿನೋದಿನಿ ಕೆಲಸ ಬಿಡುವ ಮಾತಾಡಿದರು. ಪವನ್ ಸಮಾಧಾನ ಹೇಳಲು ಹೋಗಲಿಲ್ಲ. "ಮಾಳಿಗೆ ಎತ್ತಿ ಹಿಡಿಯೋಕೆ ನಿಮ್ಮ ಹತ್ರ ಯಾವ ಜಾಕ್ ಇದೆ? ನಮ್ಮ ಫ್ಯಾಕ್ಟರೀಲಿ ಒಳ್ಳೇದಿದೆ, ಕೇಳಿ ನೋಡ್ತೀನಿ," ಎಂದರು. ಸಾನ್ವಿ ಪುಸ್ತಕದಿಂದ ತಲೆ ಎತ್ತದೆ, "ಅಮ್ಮಾ, ಯು ಕಾಂಟ್ ಕ್ವಿಟ್. ಐ ಟೋಲ್ಡ್ ಮೈ ಹೋಲ್ ಕ್ಲಾಸ್," ಎಂದಳು.

ಮರುದಿನದಿಂದ ಇಬ್ಬರು ಬಡಗಿಗಳೂ ಆ ಹಳೆಯ ಮನೆಯ ಎದುರಿನ ಮೂಲೆಯಲ್ಲಿದ್ದ ಗಟ್ಟಿ ಕಂಬವನ್ನೇ ಓದಲು ಕೂತರು. ಆರು ಶತಮಾನ ಹಳೆಯ ಕಚ್ಚಿನಲ್ಲಿ ಬಿಗಿ ಎಲ್ಲಿ, ಸಡಿಲ ಎಲ್ಲಿ ಎಂದು ಟಾರ್ಚು ಹಿಡಿದು ನೋಡಿದರು. ಭಾರ ಇಳಿಯುವ ಕಡೆ ಬಿಗಿಯಿತ್ತು, ಪಕ್ಕಗಳಲ್ಲಿ ತುಸು ಸಡಿಲ. ಗೂಟದ ತೂತುಗಳು ಬೇಕೆಂದೇ ಒಂಚೂರು ಓರೆ. ಗೂಟ ಬಡಿದಷ್ಟೂ ಕಚ್ಚು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಹೊಸ ಕಾಲು ಮತ್ತೆ ಮೊದಲಿನಿಂದ ಶುರುವಾಯಿತು. ಸಿಮೆಂಟು ಕಿತ್ತು, ನೀರು ಹರಿದು ಹೋಗುವಂತೆ ಕೆಳಗೆ ಚಪ್ಪಡಿ ಹಾಕಿದರು.

ಫೆಬ್ರವರಿಯ ಒಂದು ಬೆಳಿಗ್ಗೆ ಪವನ್ ತಂದ ಜಾಕನ್ನು ಮ್ವಾಂಗಿ ಕೂದಲೆಳೆಯಷ್ಟೇ ಕೆಳಗಿಳಿಸುತ್ತಾ ಹೋದರು. ಅಕಿನ್ಯಿ ಕಂಬ ವಾಲಿದರೆ ತೋರಿಸುವ ತೂಗುಗುಂಡಿನ ದಾರದಿಂದ ಕಣ್ಣು ಕೀಳಲಿಲ್ಲ. ವಿನೋದಿನಿಯ ಎರಡೂ ಅಂಗೈ ಕಂಬದ ಮೇಲೆ. ಮಾಳಿಗೆ ಒಮ್ಮೆ ದೀರ್ಘವಾಗಿ ನರಳಿತು. ಆಮೇಲೆ ಸದ್ದಿಲ್ಲ. ದಾರ ಅಲುಗಲಿಲ್ಲ.

"ಭಾರ ಬಂದು ಕೂತಿದ್ದು ಕೈಗೆ ಗೊತ್ತಾಯ್ತು," ಎನ್ನುತ್ತಾರೆ ವಿನೋದಿನಿ. "ಮಗು ತೊಡೆ ಮೇಲೆ ಮಲಗಿದಾಗ ಭಾರ ಬಿಡುತ್ತಲ್ಲ, ಹಾಗೆ."

ಆದರೂ ಅಕಿನ್ಯಿ ಬೀಗ ತೆಗೆಯಲಿಲ್ಲ. ಮಳೆಯೊಂದು ದಾಟಲಿ ಎಂದರು. ಈ ಸಲದ ದೊಡ್ಡ ಮಳೆ ಬಿಡದೆ ಹೊಡೆಯಿತು. ಕಾಲು ಊದಿತು, ಒಣಗಿತು, ಸೀಳಲಿಲ್ಲ. ಜೂನ್‌ನಲ್ಲಿ ಬೀಗ ತೆಗೆಯುವಾಗ ಅಕಿನ್ಯಿ ಕೀಲಿಯನ್ನು ವಿನೋದಿನಿಯ ಕೈಗೆ ಕೊಟ್ಟರು.

ಈಗ ಮಂಜು ಕರಗಿದೆ, ಶಾಲೆಯ ಬಸ್ಸು ಬಂದು ನಿಂತಿದೆ. ಮಕ್ಕಳ ಓಟಕ್ಕೆ ಮಾಳಿಗೆಯ ಹಲಗೆ ದಡದಡ ಎನ್ನುತ್ತಿದೆ. ಮ್ವಾಂಗಿ ಹಿಂಗೋಡೆಗೆ ಮಣ್ಣು ತುಳಿಯುತ್ತಾ, ತಮ್ಮ ಅಜ್ಜಿಯ ಮನೆಯ ಗೋಡೆಯೂ ಹೀಗೇ ಇತ್ತೆಂದು ಯಾರಿಗೋ ಹೇಳುತ್ತಿದ್ದಾರೆ. ಇಷ್ಟೆಲ್ಲ ಆದಮೇಲೆ ಇನ್ನೇನು ಆಸೆ ಎಂದರೆ ವಿನೋದಿನಿ ಅಂಗಿಗೆ ಹತ್ತಿದ ಮರದ ಪುಡಿ ಕೊಡವುತ್ತಾ ಯೋಚಿಸುತ್ತಾರೆ.

"ಈ ಕಾಲೂ ಒಂದಿನ ಸವೆಯುತ್ತೆ. ನೂರು ವರ್ಷಕ್ಕೋ, ಇನ್ನೂರಕ್ಕೋ. ಆಗ ಯಾರೋ ಬಂದು ಗೂಟ ತೆಗೆದು, ಬಿಚ್ಚಿ ನೋಡ್ತಾರಲ್ಲ, ಅವರು ನನ್ನ ಬೈಕೊಳ್ದೇ ಇದ್ರೆ ಸಾಕು."