ಹೆಸರು ಬಂತು, ಮುಖ ಬರಲಿಲ್ಲ

ಕೊಟ್ಟೂರಿನಲ್ಲಿ ಹೆಣದ ಫೋಟೋ ತೆಗೆಯಲು ಮರುಳಪ್ಪನೇ ಬೇಕಿತ್ತು. ಸಾವಿನ ಮನೆ ಎಂದರೆ ಉಳಿದ ಸ್ಟುಡಿಯೋದವರು ಹಿಂದೇಟು ಹಾಕುತ್ತಿದ್ದರು. ಈತ ಮಾತ್ರ ಊಟ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದ. ವಿಭೂತಿ ಬಳಿದು, ರುಮಾಲು ಸುತ್ತಿ, ಗೋಡೆಗೆ ಒರಗಿಸಿ ಕೂರಿಸಿದ ದೇಹದ ಮುಂದೆ ಮಂಡಿಯೂರಿ ಒಂದೇ ಒಂದು ಫೋಟೋ ಹೊಡೆಯುತ್ತಿದ್ದ. ಎರಡನೆಯದು ತೆಗೆಯುತ್ತಿರಲಿಲ್ಲ.

"ಹೋದೋರ ಮುಖಕ್ಕ ಎರಡು ಸಲ ಬೆಳಕು ಬಿಡಬಾರದು" ಎಂದು ಅವನಪ್ಪ ಕಲಿಸಿದ್ದನಂತೆ. ಪಕ್ಕದ ಅಂಗಡಿಯ ಟೇಲರ್ ನಾನು. ಒಂದು ಹೆಚ್ಚಿಗೆ ತೆಗೆದರೆ ಗಂಟೇನು ಹೋಗುತ್ತದೆ ಎಂದು ಜಗಳಾಡಿದ್ದೆ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು.

2005ರ ಸುಮಾರಿಗೆ ರೀಲಿನ ಕಾಲ ಮುಗಿದು, ಮರುಳಪ್ಪನೂ ಡಿಜಿಟಲ್ ಕ್ಯಾಮೆರಾ ಕೊಂಡ. ಜೊತೆಗೊಂದು ಹಳೆಯ ಕಂಪ್ಯೂಟರ್. ಕ್ಯಾಮೆರಾದ ಕಾರ್ಡು ಸಿಕ್ಕಿಸಿದರೆ ಫೋಟೋಗಳು ತಾವೇ ಬಂದು ಒಂದು ಫೋಲ್ಡರಿಗೆ ಬೀಳುವಂತೆ ಹರಪನಹಳ್ಳಿಯ ಕಂಪ್ಯೂಟರ್ ರಿಪೇರಿಯ ಗುರುಶಾಂತ ಮಾಡಿಕೊಟ್ಟ. ಹೋಗುವಾಗ ಬಿಡಿಸಿ ಹೇಳಿದ:

"ಮರುಳಪ್ಪಣ್ಣ, ಫೋಲ್ಡರಿನಾಗ ಹೆಸರು ಕಾಣಿಸ್ತು ಅಂದ್ರ ಫೋಟೋ ಬಂತು ಅಂತ ತಿಳ್ಕಾಬ್ಯಾಡ್ರಿ. ಹೆಸರು ಮೊದಲು ಬರ್ತೈತಿ, ಫೋಟೋ ಆಮ್ಯಾಲೆ ತುಂಬ್ಕಂತೈತಿ. ಬಾಜೂಕ ಸೈಜು ಬೆಳೀತಿರತೈತಿ, ಅದು ಬೆಳೆಯೋದು ನಿಂತ ಮ್ಯಾಲೆ ಕಾರ್ಡು ತೆಗೀರಿ."

"ನೀ ಹುಟ್ಟೋಕಿಂತ ಮೊದಲಿಂದ ಫೋಟೋ ತೊಳದಾಂವ ನಾನು" ಎಂದು ಮರುಳಪ್ಪ ಅವನನ್ನು ಸಾಗಹಾಕಿದ.

ಆ ವರ್ಷ ಎಲೆ ಅಡಿಕೆ ಮಾರುವ ಬೆನಕಪ್ಪ ತೀರಿಕೊಂಡ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ್ದ ಆಸಾಮಿ. ಓಟಿನ ಕಾರ್ಡಿಗೆ ಕರೆದಾಗಲೂ ಹೋಗಿರಲಿಲ್ಲ. ಮನೆಯಲ್ಲಿ ಅವನದೊಂದು ಚಿತ್ರವಿರಲಿಲ್ಲ. ಹೆಂಡತಿ ಗುರುಬಸಮ್ಮ ಮರುಳಪ್ಪನಿಗೆ ಕೈಮುಗಿದು, "ಇದೊಂದ ಉಳಿಯಾದ್ರಿ ನನಗ, ಚಲೋ ಬರಂಗ ತೆಗೀರಿ" ಅಂದಳು. ಅವನು ಒಂದು ಹೊಡೆದ, ಎದ್ದ.

ಅಂಗಡಿಗೆ ಬಂದರೆ ಹಗರಿಬೊಮ್ಮನಹಳ್ಳಿಯ ಮದುವೆಯವರ ಜೀಪು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು. ಇದ್ದದ್ದೊಂದೇ ಕಾರ್ಡು, ಮದುವೆಗೆ ಅದು ಖಾಲಿಯಾಗಬೇಕು. ಕಂಪ್ಯೂಟರಿಗೆ ಸಿಕ್ಕಿಸಿದ. ಫೋಲ್ಡರಿನಲ್ಲಿ ಕೊನೆಯ ಫೋಟೋದ ಹೆಸರು ಕಂಡದ್ದೇ ತಡ, ಕಾರ್ಡು ಕಿತ್ತು ಕ್ಯಾಮೆರಾಕ್ಕೆ ಹಾಕಿ, ಇದ್ದದ್ದನ್ನೆಲ್ಲ ಅಳಿಸಿ ಜೀಪು ಹತ್ತಿದ. ಮದುವೆಯಲ್ಲಿ ಅದೇ ಕಾರ್ಡು ತುಂಬುವಷ್ಟು ಫೋಟೋ ತೆಗೆದ.

ಮರುದಿನ ನನ್ನನ್ನು ಕೂಗಿ ಕರೆದ. ಪರದೆಯ ಮೇಲೆ ಬೆನಕಪ್ಪನ ರುಮಾಲಿತ್ತು, ವಿಭೂತಿಯಿತ್ತು, ಮುಚ್ಚಿದ ಕಣ್ಣು, ಮೂಗು. ಅದರ ಕೆಳಗೆ ಬರೀ ಬೂದಿ ಬಣ್ಣ. ಅಷ್ಟು ಹೊತ್ತಿಗೆ ಬೆನಕಪ್ಪ ಮಣ್ಣಿನೊಳಗಿದ್ದ.

"ಇದ್ದದ್ದು ಇದ್ದಂಗ ಹೇಳಿ ಅಷ್ಟನ್ನ ಕೊಡಪಾ" ಅಂದೆ.

"ಅರ್ಧ ಮುಖ ಕೊಟ್ಟು ಊರಾಗ ತಲಿ ಎತ್ತಿ ತಿರುಗಾಡಾಕ ಆಗತೈತೇನಲೇ?"

ನನಗೆ ಮೈ ಉರಿಯಿತು. ಇಡೀ ಊರಿನ ಸತ್ತವರಿಗಾಗಿ ಊಟ ಬಿಟ್ಟು ಓಡಿದವನು ಇವನೇ. ತನ್ನ ಮರ್ಯಾದೆಯ ಪ್ರಶ್ನೆ ಬಂದಾಗ ಆ ಹೆಂಗಸಿನ ದುಃಖ ಅವನ ಕಣ್ಣಿಗೆ ಬೀಳಲಿಲ್ಲ. ಬೇರೆ ಯಾವುದೋ ಹೆಣದ ಫೋಟೋದಿಂದ ಬಾಯಿ, ಗದ್ದ, ಎದೆ ಕತ್ತರಿಸಿ ಅಂಟಿಸಿದ. ಕಟ್ಟು ಹಾಕಿಸಿ ಬೆನಕಪ್ಪನ ತಿಥಿಯ, ಶಿವಗಣಾರಾಧನೆಯ ದಿನ ತಾನೇ ಹೊತ್ತೊಯ್ದ. ನಾನೂ ಹೋಗಿದ್ದೆ.

"ಎದ್ದು ಬಂದಂಗ ಐತಿ" ಎಂದರು ನೆರೆದವರು. ಹಾರ ಹಾಕಿದರು. ಗುರುಬಸಮ್ಮ ಹತ್ತಿರ ಬಂದು ನೋಡಿದಳು, ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದಳು.

"ಕಣ್ಣು ಅವರವು. ಬಾಯಿ ಯಾರದ್ರಿ?"

"ನಿಮ್ಮ ಯಜಮಾನರದ ಬೇ" ಅಂದ ಮರುಳಪ್ಪ.

"ಅಷ್ಟು ವರ್ಸ ಆ ಬಾಯಾಗಿನ ಬೈಗಳ ತಿಂದಾಕಿ ನಾನು. ನನಗ ಗುರ್ತು ಸಿಗಂಗಿಲ್ಲೇನ್ರಿ?"

ಮರುಳಪ್ಪ ನಡೆದದ್ದನ್ನು ತಗ್ಗಿದ ದನಿಯಲ್ಲಿ ಹೇಳಿದ. ಅವಳು ಬೈಯಲಿಲ್ಲ.

"ಹಂಗಾರ ಆ ಅರ್ಧನ ಕೊಡ್ರಿ. ಅಷ್ಟು ಸಾಕು ನನಗ."

"ಅದು ಇಲ್ಲ ಬೇ. ಅದರ ಮ್ಯಾಲೇ ಇದನ್ನ ಅಂಟಿಸಿ ಉಳಿಸೀನಿ. ಮೊದಲಿಂದು ಹೋತು."

ಗುರುಬಸಮ್ಮ ಫೋಟೋದ ಹಾರ ತೆಗೆದು ಕೈಯಲ್ಲಿ ಹಿಡಿದು ನಿಂತಳು.

"ಮಣ್ಣು ಕೊಡೋ ದಿನ ನಾ ಅಳಲಿಲ್ಲ" ಅಂದಳು, "ಫೋಟೋ ಐತಲ್ಲ ಅಂತ."

ಆಗ ಅತ್ತಳು.