ರೇಡಾರ್ ಅಕ್ಕನ ಸಿಟ್ಟು

ಬ್ಯೂಟಿ ಪಾರ್ಲರಿನ ಅಕ್ಕ ತನ್ನ ಕುರ್ಚಿಯಲ್ಲಿ ಕೂತವರ ತಲೆಗೆ ಕೈಯಿಟ್ಟ ಕೂಡಲೇ ಅವರ ತಲೆನೋವು ಯಾರೆಂದು ಹೇಳಿಬಿಡುತ್ತಿದ್ದಳು. ಅದಕ್ಕೇ ಅವಳಿಗೆ ರೇಡಾರ್ ಅಕ್ಕ ಎಂದು ಹೆಸರು ಬಿದ್ದಿತ್ತು.

“ಮನೆಗೆ ಅತ್ತೆ ಬಂದಿದ್ದಾರಾ?” ಎಂದರೆ ಕುರ್ಚಿಯಲ್ಲಿದ್ದವಳು ಬೆಚ್ಚುವಳು.

“ಅಯ್ಯೋ, ನಿಮಗೆ ಹೇಗೆ ಗೊತ್ತಾಯ್ತು? ನಿಮ್ಮಲ್ಲೇನೋ ಶಕ್ತಿ ಇದೆ ಅಕ್ಕಾ!”

ಅಲ್ಲಿಗೆ ಅಕ್ಕನ ಪಿತ್ತ ನೆತ್ತಿಗೇರುತ್ತಿತ್ತು. “ಶಕ್ತಿಯೂ ಇಲ್ಲ, ಸೊಪ್ಪೂ ಇಲ್ಲ. ಪ್ರತಿ ಸಲ ಕುತ್ತಿಗೆವರೆಗೆ ಕತ್ತರಿಸಿ ಅನ್ನೋರು ಇವತ್ತು ತುದಿ ಮಾತ್ರ ಸಾಕು ಅಂದ್ರಿ. ಫೋನು ಬಡ್ಕೊಂಡಾಗಲೆಲ್ಲ ಭುಜ ಕಿವಿಗೆ ಹತ್ತುತ್ತೆ. ಗಂಡನ ಫೋನಿಗೆ ನೀವು ಅಷ್ಟು ಹೆದರೋರಲ್ಲ!”

ಗಿರಾಕಿಗಳು ನಂಬಲೊಲ್ಲರು. ಕಾರಣ ಗೊತ್ತಾದರೆ ಕರಾಮತ್ತು ಕೆಡುತ್ತದಲ್ಲ.

ಈ ವಿದ್ಯೆ ಅವಳು ಕಲಿತದ್ದು ಅಪ್ಪನ ಮನೆಯಲ್ಲಿ. ಅಪ್ಪ ಕುಡಿದು ಬಂದರೆ ಬೆಲ್ಟು ಬಿಚ್ಚುತ್ತಿದ್ದ. ಸಂಜೆ ಸ್ಕೂಟರಿನ ಸ್ಟ್ಯಾಂಡು ಒಂದೇ ಒದೆಗೆ ನಿಂತರೆ ಮನೆಯಲ್ಲಿ ಶಾಂತಿ. ಕಾಲಿಗೆ ಸಿಗದೆ ಅಪ್ಪ ಬೈದುಕೊಂಡರೆ ಮುಂದಿನ ಒದೆ ಮನೆಯವರಿಗೆ. ಆ ಸದ್ದು ಕೇಳಿದ್ದೇ ತಡ, ಅವಳು ತಮ್ಮನನ್ನು ಹಿಂಬಾಗಿಲಿಂದ ಮಾಳಿಗೆಗೆ ಸಾಗಿಸಿ, ತಾನು ಕೆಳಗಿಳಿದು ಬಂದು ಏಟು ತಿನ್ನುತ್ತಿದ್ದಳು. ತಮ್ಮ ಮಾಳಿಗೆಯಲ್ಲಿ ಗಾಳಿಪಟ ಹಾರಿಸುತ್ತಿದ್ದ. ಹಾಗಾಗಿ ಅವನ ಪಾಲಿಗೆ ಅಪ್ಪನೂ ಒಳ್ಳೆಯವನೇ, ಅಕ್ಕನೂ ಅಂತರ್ಯಾಮಿಯೇ.

ಆ ತಮ್ಮನಿಗೆ ಈಗ ಶಾಲೆಗೆ ಹೋಗುವ ಮಗಳಿದ್ದಾಳೆ. ಒಂದು ಭಾನುವಾರ ಆಫೀಸಿನ ಗೆಳೆಯರ ಜೊತೆ ಅಕ್ಕನನ್ನೂ ಊಟಕ್ಕೆ ಕರೆದಿದ್ದ.

“ಅಕ್ಕಾ, ನಿನ್ನ ಶಕ್ತಿ ನನ್ನ ಮಗಳಿಗೂ ಬಂದಿದೆ ಕಣೇ! ನಾನು ಬಾಗಿಲು ತೆಗೆಯೋಕೆ ಮುಂಚೆನೇ ನನ್ನ ಮೂಡು ಹೇಗಿದೆ ಅಂತ ಇವಳಿಗೆ ಗೊತ್ತು. ಟಿ.ವಿ. ಆಫ್, ಮನೆಯೆಲ್ಲ ಗಪ್‌ಚುಪ್!”

“ಜೂನಿಯರ್ ರೇಡಾರ್!” ಎಂದ ಒಬ್ಬ ಗೆಳೆಯ. ಚಪ್ಪಾಳೆಯೂ ಬಿತ್ತು.

ಅಕ್ಕ ತಟ್ಟೆ ಕೆಳಗಿಟ್ಟಳು. “ಹೇಗೆ ಗೊತ್ತಾಗುತ್ತೆ ಪುಟ್ಟಿ?”

ಹುಡುಗಿ ಅಪ್ಪನ ಮುಖ ನೋಡಿದಳು. “ಹೇಳು, ಹೇಳು,” ಎಂದು ಅವನು ಹುರಿದುಂಬಿಸಿದ.

“ಕೀ ಸೀದಾ ಒಳಗೆ ಹೋದ್ರೆ ಏನಿಲ್ಲ ಅತ್ತೆ. ತೂತು ಸಿಗದೆ ಬಾಗಿಲು ಗೀರಿದ್ರೆ ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೋತೀನಿ. ಅಮ್ಮಂಗೂ ಬಾ ಅಂತೀನಿ. ಅವಳು ಬರಲ್ಲ.”

ಗೆಳೆಯರಿಗೆಲ್ಲ ತಮ್ಮ ತಮ್ಮ ತಟ್ಟೆಯಲ್ಲಿ ಏನೋ ಕೌತುಕ ಕಂಡಿತು. “ಮಕ್ಕಳು ಏನೇನೋ...” ಎಂದು ತಮ್ಮ ನಕ್ಕ.

“ನಗಬೇಡ್ವೋ!” ಅಕ್ಕನ ದನಿಗೆ ಲೋಟ ಉರುಳಿತು. “ಇದನ್ನ ಶಕ್ತಿ ಅಂತೀಯೇನೋ, ಮುಠ್ಠಾಳ? ಅಪ್ಪ ಬೆಲ್ಟಲ್ಲಿ ಕಲಿಸಿದ್ದು ಕಣೋ ನಂಗೆ. ನಿಂಗೆ ಒಂದೇಟೂ ಬೀಳದ ಹಾಗೆ ಮಾಳಿಗೆ ಮೇಲೆ ಬಚ್ಚಿಟ್ಟು ಬೆಳೆಸಿದ್ದು ಇದಕ್ಕೇನಾ? ನೀನೂ ಅವನೇ ಆಗ್ಬೇಕು ಅಂತಾನಾ?”

ತಮ್ಮನ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಅಕ್ಕ ಅವಳತ್ತ ತಿರುಗಿ, “ಬಟ್ಟೆ ತುಂಬ್ಕೊಂಡು ಬಾಮ್ಮ,” ಎಂದಳು. ಸೌಟು ಮೇಜಿಗಿಳಿಯಿತು. ಒಳಗೆ ಹೋದವಳು ಹೋದಷ್ಟೇ ಬೇಗ ಬ್ಯಾಗಿನೊಂದಿಗೆ ಹೊರಗೆ ಬಂದಳು. ಅದು ಎಂದೋ ತುಂಬಿಟ್ಟ ಬ್ಯಾಗೆಂದು ತಿಳಿಯಲು ಯಾವ ರೇಡಾರೂ ಬೇಕಿರಲಿಲ್ಲ.

ಮರುದಿನ ಸಂಜೆ, ಪಾರ್ಲರಿನ ಮೇಲಿನ ಅಕ್ಕನ ಕೋಣೆಯಲ್ಲಿ ಹುಡುಗಿ ಟಿ.ವಿ. ನೋಡುತ್ತಿದ್ದಳು. ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಒಂದು ಮೆಟ್ಟಿಲು ತಪ್ಪಿತು, ಕಂಬಿ ಗಡಗಡ ಅಲುಗಿತು, ಒಂದು ಬೈಗುಳ ಕೇಳಿಸಿತು. ಹುಡುಗಿಯ ಕೈ ರಿಮೋಟಿಗೆ ಹೋಯಿತು.

“ಅತ್ತೆ, ಅಪ್ಪ...”

“ಗೊತ್ತು. ಆರಿಸಬೇಡ, ಜೋರು ಮಾಡು.”

ಅಕ್ಕ ಹೊರಗೆ ಬಂದು ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡಳು. ಒಳಗೆ ಕಾರ್ಟೂನಿನ ಬೆಕ್ಕು ಓಣಿಗೆಲ್ಲ ಕೇಳುವಂತೆ ಕಿರುಚತೊಡಗಿತು. ತಮ್ಮ ಕಂಬಿ ಹಿಡಿದು ತಲೆಯೆತ್ತಿದ.

“ಇಳಿ,” ಎಂದಳು.