ತಳದಿಂದ ತೆಗೆದದ್ದು

ನಮ್ಮವರು ತೀರಿಕೊಂಡ ಮೇಲೆ ಖಾಲಿ ಬಿದ್ದಿದ್ದ ಮಹಡಿಯ ಕೋಣೆಗೆ ಬಾಡಿಗೆಗೆ ಒಬ್ಬಳು ಬರುತ್ತಾಳೆಂದು ಮಗಳು ಹೇಳಿದಾಗ ನಾನು ಮೆಟ್ಟಿಲು ಒರೆಸುತ್ತಿದ್ದೆ. ಒಂಟಿ ಹೆಂಗಸು, ಸಾಮಾನು ಹೆಚ್ಚಿಲ್ಲ ಎಂದಳು. ನಿಜವೇ. ಒಂದು ಸೂಟ್‌ಕೇಸು, ಚಾಪೆ, ಕಂಪ್ಯೂಟರು, ಮರದ ಸ್ಟೂಲು. ಸ್ಟೂಲನ್ನೂ ಕೋಣೆಗೆ ದಂಡವೆಂದು ಮೆಟ್ಟಿಲ ಕೆಳಗಿಟ್ಟಳು.

ಕಂಪ್ಯೂಟರಿನಲ್ಲಿ ಒಂದೊಂದು ಪ್ರೋಗ್ರಾಮನ್ನೂ ಕಂಟೇನರ್ ಎಂಬ ಪೆಟ್ಟಿಗೆಯಲ್ಲಿಡುತ್ತಾರಂತೆ. ಆ ಪೆಟ್ಟಿಗೆಗಳಿಗೆಲ್ಲ ಒಂದೇ ತಳ, ಬೇಸ್ ಇಮೇಜ್ ಅನ್ನುತ್ತಾರೆ. ಅದನ್ನು ಕಟ್ಟುವವಳು ಇವಳು. ಕಟ್ಟುವುದೆಂದರೆ ಬಹುಪಾಲು ತೆಗೆಯುವುದೇ. ಬೇಡದ ಫೈಲು ಕಿತ್ತಷ್ಟೂ ತಳ ಹಗುರ, ಕಳ್ಳರಿಗೆ ಸಂದಿಯೂ ಕಡಿಮೆ. ಬಸ್ ಓಡಿಸುವ ನನ್ನ ಅಳಿಯ ಇದನ್ನು ಕೇಳಿ ಅವಳಿಗೆ ಗುಡಿಸಮ್ಮ ಎಂದು ಹೆಸರಿಟ್ಟ. ಅವಳು ಅದಕ್ಕೇ ಓಗೊಡುತ್ತಿದ್ದಳು.

ಅಳಿಯನದು ದಿನದ ಮೊದಲ ಬಸ್ಸು. ಆ ಸ್ಟೂಲಿನ ಮೇಲೆ ಕೂತು ಬೂಟು ಕಟ್ಟಿ, ಬೆಳಕು ಹರಿಯುವ ಮೊದಲೇ ಡಿಪೋದ ಹಾಜರಿ ಯಂತ್ರದಲ್ಲಿ ಬೆರಳೊತ್ತುತ್ತಿದ್ದ. ಒಂದು ಮಧ್ಯಾಹ್ನ ಮುಖ ಸಪ್ಪಗೆ ಮಾಡಿಕೊಂಡು ಬಂದ. ಹಾಜರಿಯಲ್ಲಿ ಅವನಿಲ್ಲವಂತೆ. ಬಸ್ಸು ಹೋಗಿದೆ, ಹಾಗಾದರೆ ಬದಲಿಗೆ ಯಾರನ್ನೋ ಕಳಿಸಿದ್ದಾನೆ, ನಾಳೆಯಿಂದ ಬರುವುದು ಬೇಡ ಎಂದರಂತೆ.

"ಯಾರನ್ನ ಕಳಿಸಿ ಎಲ್ಲಿ ಬಿದ್ಕೊಂಡಿದ್ರಿ?" ಎಂದು ಮಗಳು ಗಂಡನ ಮೇಲೇ ಹರಿಹಾಯ್ದಳು.

ಗುಡಿಸಮ್ಮ ಮೆಟ್ಟಿಲ ಮೇಲೆ ನಿಂತಿದ್ದಳು. ಬಿಸಿಲೇರಿದ ಮೇಲೆ ಬರುವವರಿಗೂ ಹೀಗಾಯಿತೇ ಎಂದು ಕೇಳಿದಳು. ಇಲ್ಲ, ಅವನೊಬ್ಬನಿಗೇ. ಹಾಗಾದರೆ ಇದು ತನ್ನಿಂದಲೇ ಆದದ್ದು ಎಂದಳು. ಆ ವಾರ ತಳದಿಂದ ದೇಶದೇಶದ ಸಮಯ ಹೇಳುವ ಫೈಲುಗಳನ್ನು ಕಿತ್ತಿದ್ದಳು. ಅವಿಲ್ಲದಿದ್ದರೆ ಕಂಪ್ಯೂಟರು ನಮ್ಮ ಗಡಿಯಾರ ಬಿಟ್ಟು, ಕೆಲವು ಗಂಟೆ ಹಿಂದಿರುವ ಗಡಿಯಾರ ಹಿಡಿಯುತ್ತದಂತೆ. ನಸುಕಿನಲ್ಲಿ ಬಂದವನ ಹಾಜರಿ ನಿನ್ನೆಯ ತಾರೀಖಿಗೆ ಬಿದ್ದಿತ್ತು. ಡಿಪೋದ ಹಾಜರಿ ಪ್ರೋಗ್ರಾಮಿನ ಪೆಟ್ಟಿಗೆಯೂ ತಾನು ಕಟ್ಟಿದ ತಳದ ಮೇಲೇ ಕೂತಿದೆಯೆಂದು ಅವಳಿಗೆ ತಿಳಿದಿರಲಿಲ್ಲ.

"ಯಾರಿಗೂ ಬೇಡ ಅಂದ್ಕೊಂಡೆ ದೊಡ್ಡಮ್ಮ. ಯಾರನ್ನೂ ಕೇಳ್ಲಿಲ್ಲ."

"ಕೇಳ್ಬೇಕಿತ್ತು," ಎಂದೆ.

ಫೈಲುಗಳನ್ನು ತಿರುಗಿ ಸೇರಿಸಿ, ಅಳಿಯನ ಜೊತೆ ಡಿಪೋಗೆ ಹೋಗಿ ತಪ್ಪು ತನ್ನದೆಂದು ಮ್ಯಾನೇಜರಿಗೆ ಹೇಳಿದಳು. ಅವನಿಗೆ ಬಸ್ಸು ಸಿಕ್ಕಿತು, ಅವಳಿಗೆ ಕಚೇರಿಯಲ್ಲಿ ಬೈಗುಳ.

"ಒಂದಿನ ಹಿಂದಕ್ಕೆ ಹಾಕಿದ್ರಲ್ಲ ಗುಡಿಸಮ್ಮ," ಎಂದ ಅಳಿಯ, "ಇನ್ನೂ ಸ್ವಲ್ಪ ಹಿಂದಕ್ಕೆ ಹಾಕಿ, ನನ್ನ ಮದುವೆಗೆ ಮುಂಚೆ."

ಮಗಳು ಒಳಗಿನಿಂದ ಕೆಮ್ಮಿದಳು.

ಮರುವರ್ಷ ಗುಡಿಸಮ್ಮನಿಗೆ ಬೇರೆ ಊರಲ್ಲಿ ಕೆಲಸವಾಯಿತು. ಸೂಟ್‌ಕೇಸು ಹೊರಗಿಟ್ಟು ಬಂದು ಸ್ಟೂಲಿನ ಮುಂದೆ ನಿಂತಳು.

"ಇದು ನನಗೆ ಬೇಡ ದೊಡ್ಡಮ್ಮ. ಬಿಸಾಕೋ ಮುಂಚೆ ಮನೆಯವ್ರನ್ನೆಲ್ಲ ಒಂದ್ಸಲ ಕೇಳಿ ಬರ್ತೀರಾ?"